ಕತೆಯ ನಡುವೆ ಮಗುವನ್ನು ಏನು ಕೇಳಬೇಕು, ಹೇಗೆ ಕೇಳಬೇಕು?

ದೊಡ್ಡವರು ಚಿತ್ರಪುಸ್ತಕವನ್ನು ಓದುತ್ತ ಹೋಗುವುದು, ಮಗು ಸುಮ್ಮನೆ ಕೇಳುತ್ತ ಕೂರುವುದು ಎಲ್ಲರೂ ಕಂಡ ರೂಢಿ. ಇದರಿಂದ ಮಗುವಿನ ಕಿವಿಗೆ ಮಾತು ಬೀಳುತ್ತದೆ ನಿಜ, ಆದರೆ ಅದರ ನಾಲಗೆಗೆ ಕೆಲಸ ಸಿಗುವುದಿಲ್ಲ. ಅಮೆರಿಕದ ಮನೋವಿಜ್ಞಾನಿ ಗ್ರೋವರ್ ವೈಟ್‌ಹರ್ಸ್ಟ್ ಮತ್ತು ಸಂಗಡಿಗರು 1988ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದೂಮುಕ್ಕಾಲರಿಂದ ಮೂರು ವರ್ಷದೊಳಗಿನ ಮಕ್ಕಳ ಹೆತ್ತವರಿಗೆ ಪ್ರಶ್ನೆ ಕೇಳುತ್ತ, ಮಗುವಿನ ಉತ್ತರವನ್ನು ಬೆಳೆಸುತ್ತ ಓದುವ ಕ್ರಮವನ್ನು ಕಲಿಸಿದ್ದರು. ನಾಲ್ಕು ವಾರಗಳ ಬಳಿಕ ನೋಡಿದಾಗ, ಎಂದಿನಂತೆ ಓದಿ ಹೇಳಿಸಿಕೊಂಡ ಮಕ್ಕಳಿಗಿಂತ ಈ ಮಕ್ಕಳ ಮಾತು ಮುಂದಿತ್ತು.

ಮೊದಲಿಗೆ, ಪುಸ್ತಕವನ್ನು ನೀವೊಬ್ಬರೇ ಒಮ್ಮೆ ತಿರುವಿ ನೋಡಿ, ಯಾವ ಪುಟದಲ್ಲಿ ನಿಲ್ಲಬಹುದೆಂದು ಗುರುತಿಸಿಕೊಳ್ಳಿ. ಮಗುವಿಗೆ ಮೊದಲ ಸಲ ಓದುವಾಗ ಪ್ರಶ್ನೆಗಳು ಬೇಡವೆಂದೇ ನನ್ನ ಸಲಹೆ. ಕತೆ ಗೊತ್ತಿಲ್ಲದ ಮಗುವಿಗೆ ಮುಂದೇನಾಯಿತೆಂಬ ತವಕವಿರುತ್ತದೆ, ಅದನ್ನು ತಡೆಯಬಾರದು.

ಎರಡನೆಯ ಓದಿನಿಂದ ಪ್ರಶ್ನೆ ಆರಂಭಿಸಿ. ಮಾತು ಈಗಷ್ಟೇ ಮೂಡುತ್ತಿರುವ ಮಗುವಿಗೆ ‘ಇದೇನು?’, ‘ಬೆಕ್ಕು ಎಲ್ಲಿದೆ?’ ಎಂಬವು ಸಾಕು. ಹೆಸರುಗಳು ಬಂದಮೇಲೆ ಅಲ್ಲಿಯೇ ನಿಂತುಬಿಡಬೇಡಿ. ‘ಬೆಕ್ಕು ಓಡಿತಾ?’ ಎಂದರೆ ಮಗು ‘ಹೂಂ’ ಎಂದು ಮುಗಿಸುತ್ತದೆ. ‘ಬೆಕ್ಕು ಏನು ಮಾಡ್ತಿದೆ?’ ಎಂದರೆ ಒಂದು ಕ್ರಿಯಾಪದವನ್ನಾದರೂ ಹುಡುಕಬೇಕಾಗುತ್ತದೆ, ‘ಯಾಕೆ ಓಡಿತು?’ ಎಂದರೆ ಕಾರಣವನ್ನು ಜೋಡಿಸುವ ಉದ್ದನೆಯ ವಾಕ್ಯವೇ ಬೇಕಾಗುತ್ತದೆ.

ಕೇಳಿದ ಮೇಲೆ ಕಾಯಿರಿ. ಇದೇ ಎಲ್ಲಕ್ಕಿಂತ ಕಷ್ಟದ ಹಂತ. ತರಗತಿಗಳಲ್ಲಿ ಶಿಕ್ಷಕರು ಪ್ರಶ್ನೆಯ ನಂತರ ಸುಮಾರು ಒಂದು ಸೆಕೆಂಡು ಮಾತ್ರ ಕಾಯುತ್ತಾರೆಂದೂ, ಮೂರು ಸೆಕೆಂಡು ಕಾದರೆ ಮಕ್ಕಳ ಉತ್ತರಗಳು ಉದ್ದವಾಗುತ್ತವೆಂದೂ ಮೇರಿ ಬಡ್ ರೋ ಎಂಬ ಶಿಕ್ಷಣತಜ್ಞೆ 1970ರ ದಶಕದಲ್ಲಿ ತೋರಿಸಿಕೊಟ್ಟರು. ಪುಟಾಣಿಗಳಿಗೆ ಇನ್ನೂ ಹೆಚ್ಚು ಹೊತ್ತು ಬೇಕಾಗಬಹುದು. ಆ ಮೌನದಲ್ಲಿ ಮಗು ಪದವನ್ನು ಹುಡುಕುತ್ತಿರುತ್ತದೆ. ದಯವಿಟ್ಟು ಆ ಪದವನ್ನು ನೀವೇ ಹೇಳಿಕೊಡಬೇಡಿ.

ಮಗು ಹೇಳಿದ್ದಕ್ಕೆ ಒಂದೆರಡು ಪದ ಸೇರಿಸಿ ಮರಳಿ ಹೇಳಿ. ಮಗು ‘ಬೆಕ್ಕು ಓಡಿದ’ ಎಂದರೆ ‘ಹಾಗಲ್ಲ’ ಎಂದು ತಿದ್ದುವ ಬದಲು, ‘ಹೌದು, ಬೆಕ್ಕು ಓಡಿತು, ಬಾಗಿಲ ಸಂದಿಯಿಂದ ಓಡಿತು’ ಎನ್ನಿ. ಸರಿಯಾದ ರೂಪವೂ ಹೊಸದೊಂದು ಪದವೂ ಅಲ್ಲಿಯೇ ಮಗುವಿನ ಕಿವಿಗೆ ಬೀಳುತ್ತವೆ, ಅದರ ಉತ್ಸಾಹವೂ ಕುಗ್ಗುವುದಿಲ್ಲ. ಸಾಧ್ಯವಾದರೆ ಆ ವಾಕ್ಯವನ್ನು ಮಗುವಿನಿಂದ ಇನ್ನೊಮ್ಮೆ ಹೇಳಿಸಿ, ಆದರೆ ಬಲವಂತ ಬೇಡ.

ಕತೆ ಚೆನ್ನಾಗಿ ಪರಿಚಯವಾದ ಮೇಲೆ ಪುಸ್ತಕದಿಂದ ಹೊರಗೆ ಬನ್ನಿ. ‘ನಿನಗೂ ಹೀಗೆ ಹೆದರಿಕೆಯಾಗಿತ್ತಲ್ಲ, ಯಾವಾಗ?’ ಎಂಬ ಪ್ರಶ್ನೆಗೆ ಉತ್ತರಿಸಲು ಚಿತ್ರದ ಆಸರೆ ಇರುವುದಿಲ್ಲ. ಕಣ್ಣೆದುರಿಗಿಲ್ಲದ ಸಂಗತಿಯನ್ನು ಮಾತಿನಲ್ಲಿಯೇ ಕಟ್ಟಬೇಕಾಗುತ್ತದೆ. ಇದು ಮೂರು ವರ್ಷ ದಾಟಿದವರಿಗೆ ಹೆಚ್ಚು ಒಗ್ಗುತ್ತದೆ.

ಪ್ರತಿ ಪುಟಕ್ಕೂ ಪ್ರಶ್ನೆ ಹಾಕಿದರೆ ಕತೆ ಪರೀಕ್ಷೆಯಾಗಿಬಿಡುತ್ತದೆ. ಮಗು ಮುಖ ತಿರುಗಿಸಿದರೆ ಅಥವಾ ತಾನೇ ಪುಟ ಮಗುಚಿದರೆ, ಅಂದಿನ ಮಟ್ಟಿಗೆ ಪ್ರಶ್ನೆಗಳನ್ನು ಬಿಟ್ಟು ಕತೆಯನ್ನಷ್ಟೇ ಓದಿ ಮುಗಿಸಿ.