ರಕ್ತ ಹರಿಸುವ ಚೆಂದದ ಸಿನಿಮಾ ನೋಡಿ, ಜಗಳವಿಲ್ಲದೆ ವಾದ ಮಾಡುವ ಬಗೆ

ಹಾಸನದ ವಿದ್ಯಾನಗರದ ಒಂದು ಮನೆಯ ಹಜಾರದಲ್ಲಿ ತಿಂಗಳಿಗೊಮ್ಮೆ ಎಂಟು ಹತ್ತು ಜನ ಸೇರಿ ಸಿನಿಮಾ ನೋಡಿ ಮಾತನಾಡುವ ಪರಿಪಾಠವನ್ನು ನಾವು ಕೆಲವು ವರ್ಷಗಳಿಂದ ಇಟ್ಟುಕೊಂಡಿದ್ದೇವೆ. ಸಂಸಾರದ ಕಥೆಯಾದರೆ ಮಾತು ಸಲೀಸಾಗಿ ಮುಗಿಯುತ್ತದೆ. ಹಾಸ್ಯವಾದರೆ ಮಾತೇ ಬೇಕಾಗುವುದಿಲ್ಲ. ಆದರೆ ನೆರಳು, ನಿಯಾನ್ ದೀಪ, ಮಳೆ, ಸಂಗೀತಗಳಿಂದ ಸಿಂಗರಿಸಿಕೊಂಡು ನಡುನಡುವೆ ಭೀಕರವಾಗಿ ರಕ್ತ ಹರಿಸುವ ನಿಯೋ-ನ್ವಾರ್ ಮಾದರಿಯ ಅಪರಾಧ ಚಿತ್ರವನ್ನು ಹಾಕಿದ ದಿನ ಎರಡು ಪಂಗಡ ಖಂಡಿತ. ಒಂದು ಕಡೆಯವರು ‘ಮೇಕಿಂಗ್ ನೋಡಿ ಸ್ವಾಮಿ, ಒಂದೊಂದು ಫ್ರೇಮೂ ಗೋಡೆಗೆ ತೂಗುಹಾಕುವ ಹಾಗಿದೆ’ ಎನ್ನುತ್ತಾರೆ. ಇನ್ನೊಂದು ಕಡೆಯವರು ‘ಹುಡುಗರು ಕೆಡುವುದು ಇಂಥದ್ದನ್ನು ನೋಡಿಯೇ’ ಎನ್ನುತ್ತಾರೆ. ಒಬ್ಬರು ಚೆಲುವಿನ ಬಗ್ಗೆ, ಇನ್ನೊಬ್ಬರು ಪರಿಣಾಮದ ಬಗ್ಗೆ ಮಾತನಾಡುತ್ತಿರುವುದರಿಂದ ಎರಡು ಗಂಟೆ ಕೂಗಾಡಿದರೂ ಒಬ್ಬರ ಮಾತು ಇನ್ನೊಬ್ಬರಿಗೆ ತಾಗುವುದಿಲ್ಲ. ಇದನ್ನು ತಪ್ಪಿಸಲು ನಾವು ಕಂಡುಕೊಂಡ ಮುಖ್ಯ ಉಪಾಯ ಒಂದೇ: ಚಿತ್ರದಲ್ಲಿ ಹಿಂಸೆ ಎಷ್ಟಿದೆ ಎಂದು ಕೇಳುವ ಬದಲು, ಪೆಟ್ಟು ಬೀಳುವ ಗಳಿಗೆಯಲ್ಲಿ ಕ್ಯಾಮೆರಾ ಎಲ್ಲಿ ನಿಂತಿದೆ, ಯಾರ ಮುಖವನ್ನು ನೋಡುತ್ತಿದೆ ಎಂದು ಕೇಳುವುದು. ಉಳಿದ ಸಿದ್ಧತೆಯೆಲ್ಲ ಈ ಪ್ರಶ್ನೆಯನ್ನು ನೆಮ್ಮದಿಯಾಗಿ ಕೇಳಲು ಬೇಕಾದ ಏರ್ಪಾಡು.

ಮೊದಲು ಚಿತ್ರದ ಪ್ರಮಾಣಪತ್ರವನ್ನು ನೋಡಿಕೊಳ್ಳಬೇಕು. ಈ ಜಾತಿಯ ಬಹುತೇಕ ಚಿತ್ರಗಳಿಗೆ ‘ಎ’ ಪ್ರಮಾಣಪತ್ರ ಇರುತ್ತದೆ. ಅಂದರೆ 18 ತುಂಬದವರು ಹಜಾರದಲ್ಲಿ ಇರಕೂಡದು. ಮನೆಯ ಮಕ್ಕಳು ನೀರು ಕುಡಿಯುವ ನೆಪದಲ್ಲಿ ಹಾದುಹೋಗುವುದಕ್ಕೂ ಅವಕಾಶವಿರದಂತೆ ದಿನವನ್ನು ಆರಿಸಿಕೊಳ್ಳಿ. 1952ರ ಸಿನಿಮಾಟೋಗ್ರಾಫ್ ಕಾಯ್ದೆಗೆ 2023ರಲ್ಲಿ ತಂದ ತಿದ್ದುಪಡಿಯ ಪ್ರಕಾರ ‘ಯುಎ’ ವರ್ಗವನ್ನು 7, 13, 16 ಎಂಬ ಮೂರು ವಯಸ್ಸುಗಳಾಗಿ ವಿಂಗಡಿಸಲಾಗಿದೆಯಾದ್ದರಿಂದ, ‘ಯುಎ ತಾನೇ’ ಎಂದು ಹಗುರವಾಗಿ ತೆಗೆದುಕೊಳ್ಳದೆ ಮುಂದಿನ ಅಂಕಿಯನ್ನೂ ಓದಬೇಕು. ಬರುವವರಿಗೆಲ್ಲ ಎರಡು ದಿನ ಮೊದಲೇ ‘ಇದರಲ್ಲಿ ಇಂಥ ಬಗೆಯ ಹಿಂಸೆಯಿದೆ’ ಎಂದು ತಿಳಿಸುವುದರಿಂದ ಕಥೆಯ ಗುಟ್ಟು ಬಯಲಾಗುವುದಿಲ್ಲ. ಆಗದವರು ಮುಜುಗರವಿಲ್ಲದೆ ಆ ತಿಂಗಳು ತಪ್ಪಿಸಿಕೊಳ್ಳಬಹುದು. ಒಟಿಟಿ ಚಂದಾ ಸಾಮಾನ್ಯವಾಗಿ ಖಾಸಗಿ, ಮನೆಬಳಕೆಗೆ ಮಾತ್ರ ಸೀಮಿತವಾಗಿರುತ್ತದೆ. ಆದ್ದರಿಂದ ಸಮುದಾಯ ಭವನವನ್ನೋ ಕಾಲೇಜಿನ ಸಭಾಂಗಣವನ್ನೋ ಹಿಡಿದು ಚಿತ್ರ ತೋರಿಸುವ ಆಲೋಚನೆಯಿದ್ದರೆ ಹಕ್ಕುದಾರರ ಅನುಮತಿ ಬೇಕು. ಅದು ಆಗದಿದ್ದರೆ ಎಲ್ಲರೂ ಅವರವರ ಮನೆಯಲ್ಲೇ ನೋಡಿ ಬಂದು ಮಾತಿಗಷ್ಟೇ ಸೇರುವುದು ಲೇಸು.

ಕತ್ತಲೆಯೇ ಈ ಚಿತ್ರಗಳ ಬಂಡವಾಳವಾದ್ದರಿಂದ ಮಧ್ಯಾಹ್ನದ ಬೆಳಕಿನಲ್ಲಿ ನೋಡಬಾರದು. ಕಿಟಕಿಗೆ ದಪ್ಪ ಪರದೆ ಹಾಕಿ, ಇಲ್ಲವೇ ಸಂಜೆ ಏಳರ ಮೇಲೆ ಇಟ್ಟುಕೊಳ್ಳಿ. ಟಿವಿಯ ‘ವಿವಿಡ್’ ಮೋಡ್ ಕಪ್ಪನ್ನು ಹಾಳುಮಾಡಿ ಬಣ್ಣವನ್ನು ಜಾತ್ರೆಯ ಬಲೂನಿನಂತೆ ಮಾಡುತ್ತದೆ. ಅದನ್ನು ‘ಸಿನಿಮಾ’ ಅಥವಾ ‘ಮೂವಿ’ ಮೋಡ್‌ಗೆ ಬದಲಿಸಿ, ಚಲನೆಯನ್ನು ನಯಗೊಳಿಸುವ ಸೌಲಭ್ಯವನ್ನು ಆಫ್ ಮಾಡಿಬಿಡಿ. ಒಮ್ಮೆ ನಾವು ಇದನ್ನು ಮರೆತು ಇಡೀ ಚಿತ್ರವನ್ನು ಧಾರಾವಾಹಿಯ ಮೆರುಗಿನಲ್ಲಿ ನೋಡಿ, ಛಾಯಾಗ್ರಾಹಕನನ್ನು ಅರ್ಧ ಗಂಟೆ ಬೈದ ಪಾಪಕ್ಕೆ ಗುರಿಯಾಗಿದ್ದೇವೆ.

ಚಿತ್ರ ಶುರುವಾಗುವ ಮೊದಲು ಹತ್ತು ನಿಮಿಷ ಪದದ ಬಗ್ಗೆ ಒಂದು ಒಪ್ಪಂದಕ್ಕೆ ಬನ್ನಿ. ‘ನ್ವಾರ್’ ಎಂದರೆ ಫ್ರೆಂಚಿನಲ್ಲಿ ಕಪ್ಪು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಪ್ಯಾರಿಸ್ಸಿಗೆ ಒಟ್ಟೊಟ್ಟಿಗೆ ಬಂದಿಳಿದ ಅಮೆರಿಕದ ಅಪರಾಧ ಚಿತ್ರಗಳನ್ನು ನೋಡಿ ಫ್ರೆಂಚ್ ವಿಮರ್ಶಕ ನೀನೋ ಫ್ರಾಂಕ್ 1946ರಲ್ಲಿ ಈ ಹೆಸರನ್ನು ಬಳಸಿದರು. ಆಗ ಹಾಲಿವುಡ್ಡಿನಲ್ಲಿ 1934ರಿಂದ ಕಟ್ಟುನಿಟ್ಟಾಗಿ ಜಾರಿಯಲ್ಲಿದ್ದ ನೀತಿಸಂಹಿತೆಯೊಂದು ಅಪರಾಧಿ ಗೆದ್ದು ದಕ್ಕಿಸಿಕೊಳ್ಳುವುದನ್ನು ಒಪ್ಪುತ್ತಿರಲಿಲ್ಲ. ಗಾಯವನ್ನು ಬಿಚ್ಚಿ ತೋರಿಸಲೂ ಬಿಡುತ್ತಿರಲಿಲ್ಲ. 1968ರಲ್ಲಿ ಅದರ ಜಾಗಕ್ಕೆ ವಯೋಮಾನದ ವರ್ಗೀಕರಣ ಬಂದ ಮೇಲೆ ಅದೇ ಕತ್ತಲ ಲೋಕ ಬಣ್ಣದಲ್ಲಿ, ರಕ್ತಸಮೇತ ಮರಳಿ ಬಂದಿತು. ‘ನಿಯೋ’ ಎಂಬ ಪೂರ್ವಪದದ ಅರ್ಥ ಹೆಚ್ಚುಕಡಿಮೆ ಇಷ್ಟೇ. ಇದನ್ನು ಮೊದಲೇ ಹೇಳಿಕೊಂಡರೆ ‘ಕೊನೆಗೆ ಕೆಟ್ಟವನಿಗೆ ಶಿಕ್ಷೆಯೇ ಆಗಲಿಲ್ಲವಲ್ಲ’ ಎಂಬ ಆಕ್ಷೇಪ ಬಂದಾಗ, ಶಿಕ್ಷೆಯಾಗಲೇಬೇಕೆಂಬುದು ಕಥೆಯ ಧರ್ಮವೋ ಅಥವಾ ಒಂದು ಕಾಲದ ಕಟ್ಟಳೆಯೋ ಎಂದು ವಿಚಾರಿಸಲು ಅನುಕೂಲವಾಗುತ್ತದೆ.

ಚಿತ್ರ ಮುಗಿದ ತಕ್ಷಣ ಯಾರೂ ಬಾಯಿ ತೆರೆಯಕೂಡದು. ಇದು ಕಷ್ಟ, ಆದರೆ ಅಗತ್ಯ. ಎಲ್ಲರ ಕೈಗೂ ಒಂದೊಂದು ಚೀಟಿ ಕೊಟ್ಟು, ಮನಸ್ಸಿನಲ್ಲಿ ಉಳಿದ ಒಂದೇ ಒಂದು ಚಿತ್ರಿಕೆಯನ್ನು, ಅಭಿಪ್ರಾಯ ಸೇರಿಸದೆ, ಎರಡು ಸಾಲಿನಲ್ಲಿ ಬರೆಯಲು ಹೇಳಿ. ‘ಭಯಂಕರವಾಗಿತ್ತು’ ಎಂದು ಬರೆದರೆ ಆ ಚೀಟಿಯನ್ನು ವಾಪಸು ಮಾಡಬೇಕು. ‘ಬಾಗಿಲಿನ ಸಂದಿಯಲ್ಲಿ ಕಂಡ ಕೈ’ ಎಂದಿದ್ದರೆ ಇಟ್ಟುಕೊಳ್ಳಬೇಕು. ಅದರ ಕೆಳಗೆ ಇನ್ನೊಂದು ಮಾತನ್ನು ಬರೆಸುತ್ತೇವೆ: ಅತ್ಯಂತ ಹಿಂಸೆಯ ದೃಶ್ಯದಲ್ಲಿ ತಮ್ಮೊಳಗೆ ಹುಟ್ಟಿದ್ದು ಉತ್ಸಾಹವೋ, ಕ್ರೋಧವೋ, ಜುಗುಪ್ಸೆಯೋ, ಭಯವೋ, ಶೋಕವೋ? ನಮ್ಮ ರಸಶಾಸ್ತ್ರ ಈ ಭಾವಗಳನ್ನು ಕ್ರಮವಾಗಿ ವೀರ, ರೌದ್ರ, ಬೀಭತ್ಸ, ಭಯಾನಕ, ಕರುಣ ರಸಗಳಿಗೆ ಸ್ಥಾಯಿ, ಅಂದರೆ ತಳಹದಿಯ ಭಾವ, ಎಂದು ಹೇಳುತ್ತದೆ. ಒಂದೇ ಕೊಲೆಯ ದೃಶ್ಯಕ್ಕೆ ಒಬ್ಬರು ಉತ್ಸಾಹವೆಂದೂ ಪಕ್ಕದವರು ಜುಗುಪ್ಸೆಯೆಂದೂ ಬರೆದಿದ್ದರೆ, ವಾದ ಎಲ್ಲಿಂದ ಆರಂಭವಾಗಬೇಕೆಂಬುದು ತಾನಾಗಿಯೇ ಗೊತ್ತಾಗುತ್ತದೆ. ಕಾಫಿ, ಆಲೂಬೋಂಡ ಈ ಹೊತ್ತಿಗೆ ಬರಬೇಕೇ ಹೊರತು ಚಿತ್ರದ ನಡುವೆ ಅಲ್ಲ.

ವಾದ ನಡೆಸುವ ಕ್ರಮವನ್ನು ನಾವು ತಾಳಮದ್ದಳೆಯಿಂದ ಎರವಲು ಪಡೆದೆವು. ಗುಂಪಿನಲ್ಲಿರುವ ಕೊಪ್ಪದ ಕಡೆಯ ಹಿರಿಯರೊಬ್ಬರ ಸಲಹೆ ಇದು. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ; ಭಾಗವತರು ಪದ ಹೇಳುತ್ತಾರೆ, ಅರ್ಥಧಾರಿಗಳು ಎದುರುಬದುರು ಕುಳಿತು ಮಾತಿನಲ್ಲೇ ಯುದ್ಧ ಮಾಡುತ್ತಾರೆ. ಇಂದು ಕರ್ಣನ ಅರ್ಥ ಹೇಳಿದವರು ನಾಳೆ ಕೃಷ್ಣನ ಅರ್ಥ ಹೇಳಬಲ್ಲರು. ಎದುರಾಳಿಯನ್ನು ನಿರುತ್ತರಗೊಳಿಸಿದರೂ ಆಟ ಮುಗಿದ ಮೇಲೆ ಜೊತೆಯಲ್ಲೇ ಊಟಕ್ಕೆ ಕೂರುತ್ತಾರೆ. ಅದರಂತೆ ನಮ್ಮಲ್ಲೂ ಒಬ್ಬರು ಭಾಗವತರಾಗುತ್ತಾರೆ. ಅವರ ಬಳಿ ರಿಮೋಟ್ ಇರುತ್ತದೆ, ಆದರೆ ಅವರಿಗೆ ಅಭಿಪ್ರಾಯ ಹೇಳುವ ಹಕ್ಕು ಇರುವುದಿಲ್ಲ. ಉಳಿದವರು ಮೊದಲ ಅರ್ಧ ಗಂಟೆ ತಮ್ಮ ನಿಲುವಿನ ಪರವಾಗಿಯೂ, ಎರಡನೆಯ ಅರ್ಧ ಗಂಟೆ ಅದರ ವಿರುದ್ಧವಾಗಿಯೂ ಮಾತನಾಡಬೇಕು. ಚಿತ್ರವನ್ನು ಹೊಗಳಿದವರೇ ಅದರ ಮೇಲೆ ದೋಷಾರೋಪ ಹೊರಿಸಬೇಕಾಗಿ ಬಂದಾಗ, ತಾವು ಕಂಡೂ ಕಾಣದಂತೆ ಬಿಟ್ಟಿದ್ದನ್ನು ಅವರೇ ಎತ್ತಿ ಹೇಳುತ್ತಾರೆ.

ಇನ್ನು ಮುಖ್ಯ ಪ್ರಶ್ನೆಗೆ ಬರೋಣ. ಭಾಗವತರು ಒಂದೇ ಒಂದು ಹಿಂಸೆಯ ದೃಶ್ಯವನ್ನು ಆರಿಸಿ ಮೂರು ಬಾರಿ ಹಾಕಬೇಕು: ಮೊದಲು ಇದ್ದಂತೆಯೇ, ಎರಡನೆಯ ಸಲ ಧ್ವನಿಯಿಲ್ಲದೆ, ಮೂರನೆಯ ಸಲ ಎಲ್ಲರೂ ಕಣ್ಣು ಮುಚ್ಚಿ ಕೇವಲ ಧ್ವನಿಯನ್ನು ಕೇಳುತ್ತಾ. ಧ್ವನಿ ತೆಗೆದಾಗ ಎಷ್ಟೋ ಭೀಕರ ದೃಶ್ಯಗಳಲ್ಲಿ ಪೆಟ್ಟು ಕಾಣುವುದೇ ಇಲ್ಲ ಎಂಬುದು ಗೊತ್ತಾಗಿ ಆಶ್ಚರ್ಯವಾಗುತ್ತದೆ. 1992ರ ‘ರಿಸರ್ವಾಯರ್ ಡಾಗ್ಸ್’ ಚಿತ್ರದಲ್ಲಿ ಕಟ್ಟಿಹಾಕಿದ ಪೊಲೀಸನ ಕಿವಿ ಕೊಯ್ಯುವ ಪ್ರಸಂಗವನ್ನು ಕಣ್ಣಾರೆ ಕಂಡೆವೆಂದು ಆಣೆ ಮಾಡಿ ಹೇಳುವವರಿದ್ದಾರೆ; ಆದರೆ ಆ ಕ್ಷಣದಲ್ಲಿ ಕ್ಯಾಮೆರಾ ಎಡಕ್ಕೆ ಸರಿದು ಗೋಡೆಯ ಕಡೆ ತಿರುಗಿಬಿಡುತ್ತದೆ. ಅವರು ನೋಡಿದ್ದು ತಮ್ಮ ಮನಸ್ಸಿನಲ್ಲಿ. ‘ಚಿತ್ರ ತೋರಿಸಿತು’ ಎನ್ನುವುದಕ್ಕೂ ‘ನಾನು ಕಂಡೆ’ ಎನ್ನುವುದಕ್ಕೂ ನಡುವಿನ ಈ ಅಂತರ ಸ್ಪಷ್ಟವಾದ ಮೇಲೆ ಮಾತಿನ ಏರುದನಿ ಅರ್ಧ ಇಳಿಯುತ್ತದೆ.

ಅಭ್ಯಾಸಕ್ಕೆ ನಾನು ಸಾಮಾನ್ಯವಾಗಿ ಸೂಚಿಸುವುದು 2011ರ ‘ಡ್ರೈವ್’ ಚಿತ್ರದ ಲಿಫ್ಟಿನ ದೃಶ್ಯವನ್ನು. ನಿಕೊಲಾಸ್ ವಿಂಡಿಂಗ್ ರೆಫ್ನ್ ಈ ಚಿತ್ರಕ್ಕಾಗಿ ಕಾನ್ ಉತ್ಸವದಲ್ಲಿ ಶ್ರೇಷ್ಠ ನಿರ್ದೇಶಕ ಪ್ರಶಸ್ತಿ ಪಡೆದರು. ಹೆಸರಿಲ್ಲದ ನಾಯಕ, ಅವನು ಪ್ರೀತಿಸುವ ಹೆಣ್ಣು ಮತ್ತು ಕೊಲ್ಲಲು ಬಂದ ಅಪರಿಚಿತ, ಈ ಮೂವರೂ ಒಂದೇ ಲಿಫ್ಟಿನಲ್ಲಿದ್ದಾರೆ. ಬೆಳಕು ಮಂದವಾಗುತ್ತದೆ, ಕಾಲ ನಿಧಾನವಾಗುತ್ತದೆ, ಅವನು ಅವಳನ್ನು ಮುದ್ದಿಸುತ್ತಾನೆ. ಮರುಗಳಿಗೆಯಲ್ಲೇ ತಿರುಗಿ ಆ ಅಪರಿಚಿತನ ತಲೆಯನ್ನು ಕಾಲಿನಿಂದ ಜಜ್ಜುತ್ತಾನೆ. ಇಲ್ಲಿ ಪಂಗಡಗಳು ಮೊದಲು ಎಂದಿನಂತೆಯೇ ಒಡೆಯುತ್ತವೆ. ಆಗ ಭಾಗವತರು ಚಿತ್ರವನ್ನು ಇನ್ನಷ್ಟು ಮುಂದಕ್ಕೆ ಬಿಟ್ಟು, ಅವಳು ಹಿಂದೆ ಸರಿದು ಹೊರಗೆ ನಿಂತು ಅವನನ್ನು ನೋಡುವ ನೋಟದ ಬಳಿ ನಿಲ್ಲಿಸಬೇಕು. ನಡುವೆ ಬಾಗಿಲು ಮುಚ್ಚಿಕೊಳ್ಳುತ್ತದೆ. ಅದುವರೆಗೆ ನಾಯಕನ ಜೊತೆಗಿದ್ದ ನಮ್ಮನ್ನು ಚಿತ್ರ ಈಗ ಯಾರ ಪಕ್ಕದಲ್ಲಿ ನಿಲ್ಲಿಸಿತು? ನನ್ನ ತೀರ್ಮಾನದಲ್ಲಿ ಆ ನೋಟವಿಲ್ಲದಿದ್ದರೆ ಆ ದೃಶ್ಯ ಬರಿಯ ಶೋಕಿ. ಆ ನೋಟವಿರುವುದರಿಂದ ಅದು ಒಂದು ಸಂಬಂಧದ ಸಾವು. ಗುಂಪಿನ ಇಬ್ಬರು ಇದನ್ನು ಇವತ್ತಿಗೂ ಒಪ್ಪಿಲ್ಲ. ಮುದ್ದಿನ ಬೆಳಕು ಎಷ್ಟು ಸುಂದರವಾಗಿದೆಯೆಂದರೆ ಅದು ಮುಂದಿನ ಕ್ರೌರ್ಯಕ್ಕೂ ಮೆರುಗು ಹಚ್ಚುತ್ತದೆ ಎಂಬುದು ಅವರ ವಾದ. ಅದು ತಳ್ಳಿಹಾಕುವಂಥದ್ದಲ್ಲ.

ಶೈಲಿಯೆಲ್ಲವೂ ನಿರ್ದೇಶಕರ ಇಚ್ಛೆಯೇ ಎಂದು ನಂಬಿ ದೊಡ್ಡ ದೊಡ್ಡ ಅರ್ಥ ಹಚ್ಚುವವರನ್ನೂ ಸ್ವಲ್ಪ ತಡೆಯಬೇಕು. 1976ರ ‘ಟ್ಯಾಕ್ಸಿ ಡ್ರೈವರ್’ ಚಿತ್ರದ ಕೊನೆಯ ಗುಂಡಿನ ದಾಳಿಯಲ್ಲಿ ರಕ್ತ ಕಂದುಬಣ್ಣಕ್ಕೆ ತಿರುಗಿ ಹಳೆಯ ಫೋಟೊದಂತೆ ಕಾಣುವುದಕ್ಕೆ ಕಾರಣ, ಅಮೆರಿಕದ ಕಠಿಣ ವರ್ಗೀಕರಣದಿಂದ ಪಾರಾಗಲು ಬಣ್ಣದ ಗಾಢತೆಯನ್ನು ಇಳಿಸಿದ್ದು. ಹೀಗೆಂದು ಆ ಬಣ್ಣದ ಪರಿಣಾಮ ಸುಳ್ಳಾಗುವುದಿಲ್ಲ. ಆದರೆ ಪರಿಣಾಮ ಬೇರೆ, ಉದ್ದೇಶ ಬೇರೆ ಎಂದು ಬಿಡಿಸಿ ಮಾತನಾಡುವ ಅಭ್ಯಾಸ ಬೆಳೆಯುತ್ತದೆ.

‘ಇದೆಲ್ಲ ನಮ್ಮ ಸಂಸ್ಕೃತಿಯಲ್ಲ’ ಎಂಬ ಮಾತು ಬಂದೇ ಬರುತ್ತದೆ. ಅದನ್ನು ನಗೆಯಾಡಿ ತಳ್ಳುವುದು ತಪ್ಪು. ಏಕೆಂದರೆ ಅದಕ್ಕೆ ಆಧಾರವಿದೆ: ಯುದ್ಧ, ಮರಣ, ನಗರದ ಮುತ್ತಿಗೆಗಳನ್ನು ಅಂಕದಲ್ಲಿ ಪ್ರತ್ಯಕ್ಷವಾಗಿ ತೋರಿಸಬಾರದು, ಅಂಕಗಳ ನಡುವೆ ಬರುವ ಕಿರುದೃಶ್ಯಗಳಾದ ಪ್ರವೇಶಕಗಳ ಮೂಲಕ ಸೂಚಿಸಬೇಕು ಎಂದು ನಾಟ್ಯಶಾಸ್ತ್ರವೇ ಹೇಳುತ್ತದೆ. ಆದರೆ ಭಾಸನ ‘ಊರುಭಂಗ’ದಲ್ಲಿ ತೊಡೆ ಮುರಿದ ದುರ್ಯೋಧನ ರಂಗದ ಮೇಲೆಯೇ ಪ್ರಾಣ ಬಿಡುತ್ತಾನೆ. ಅಂದರೆ ತೋರಿಸಬೇಕೇ ಬೇಡವೇ ಎಂಬ ತಕರಾರು ಹೊರಗಿನಿಂದ ಬಂದದ್ದಲ್ಲ, ನಮ್ಮ ಒಳಗಿನದೇ. ಹಾಸನದವರಿಗೆ ಇನ್ನೊಂದು ಅನುಕೂಲವೂ ಇದೆ. ಸುಮಾರು 30 ಕಿಲೋಮೀಟರ್ ದೂರದ ಹಳೇಬೀಡಿಗೆ ಒಂದು ಭಾನುವಾರ ಗುಂಪನ್ನು ಕರೆದುಕೊಂಡು ಹೋಗಿ, ಹೊಯ್ಸಳೇಶ್ವರನ ಹೊರಗೋಡೆಯಲ್ಲಿ ಆನೆಯ ರೂಪದ ಅಸುರನನ್ನು ಕೊಂದು ಅವನ ತೊಗಲನ್ನೇ ಹಿಂದೆ ಹರಡಿಕೊಂಡು ಕುಣಿಯುವ ಶಿವನ ಮುಂದೆ, ಹಿರಣ್ಯಕಶಿಪುವಿನ ಕರುಳು ಬಗೆಯುವ ನರಸಿಂಹನ ಮುಂದೆ ನಿಲ್ಲಿಸಿ. ಬಳಪದ ಕಲ್ಲಿನ ಮೃದುತ್ವದಿಂದಾಗಿ ಹಾರದ ಮಣಿಗೂ ಹರಿದ ಕರುಳಿಗೂ ಒಂದೇ ಬಗೆಯ ಕುಸುರಿ. ಕ್ರೌರ್ಯವನ್ನು ಇಷ್ಟು ಅಲಂಕರಿಸಬಹುದೇ ಎಂಬ ಪ್ರಶ್ನೆಯನ್ನು ಅಲ್ಲಿ ನಿಂತು ಕೇಳಿದ ಮೇಲೆ, 2021ರ ‘ಗರುಡ ಗಮನ ವೃಷಭ ವಾಹನ’ದಲ್ಲಿ ಶಿವ ಎಂಬ ಹೆಸರಿನ ಪಾತ್ರ ಕೊಲೆಯ ಬಳಿಕ ಹುಲಿವೇಷದ ಹೆಜ್ಜೆ ಹಾಕುವುದನ್ನು ಮತ್ತೊಮ್ಮೆ ನೋಡಿ. ವ್ಯತ್ಯಾಸವನ್ನೂ ಮರೆಯಬೇಡಿ: ಕಲ್ಲಿನ ಶಿವನ ಎದುರು ಸತ್ತವನು ಅಸುರನೆಂದು ಮೊದಲೇ ತೀರ್ಮಾನವಾಗಿದೆ, ಸಿನಿಮಾದಲ್ಲಿ ಸತ್ತವನಿಗೆ ಮನೆಯಿದೆ, ತಾಯಿಯಿದ್ದಾಳೆ.

ಕಥೆ ಹಿಂದುಮುಂದಾಗಿ ಸಾಗಿದರೆ ‘ತಲೆಬುಡ ಅರ್ಥವಾಗಲಿಲ್ಲ’ ಎಂದು ಸಿಟ್ಟಾಗುವವರಿಗೆ, ಹತ್ತನೆಯ ಶತಮಾನದ ರನ್ನ ‘ಗದಾಯುದ್ಧ’ದಲ್ಲಿ ಕೊನೆಯ ಕಾಳಗದ ಸುತ್ತ ಕಾವ್ಯ ಕಟ್ಟಿ, ಹಿಂದಿನ ಭಾರತವನ್ನೆಲ್ಲ ಸಿಂಹಾವಲೋಕನ ಕ್ರಮದಲ್ಲಿ ಹೇಳಿದ್ದನ್ನು ನೆನಪಿಸಿದರೆ ಸಾಕು.

ಊರಿನ ಅಭಿಮಾನವೂ ವಾದವನ್ನು ಕೆಡಿಸಬಲ್ಲದು. 2018ರ ‘ಟಗರು’ ಚಿತ್ರದಲ್ಲಿ ಡಾಲಿ ಎಂಬ ಕ್ರೂರಿಯಾಗಿ ನಟಿಸಿ ಆ ಹೆಸರನ್ನೇ ಉಳಿಸಿಕೊಂಡ ಧನಂಜಯ ನಮ್ಮ ಅರಸೀಕೆರೆ ಕಡೆಯವರು. ಅವರ ಪಾತ್ರದ ಬಗ್ಗೆ ಟೀಕೆ ಬಂದರೆ ಹಾಸನದ ಹಜಾರದಲ್ಲಿ ನ್ಯಾಯಸಮ್ಮತ ವಿಚಾರಣೆ ಅಸಾಧ್ಯ. ಅಂಥ ದಿನ ಹೊರಗಿನವರೊಬ್ಬರನ್ನು ಭಾಗವತರನ್ನಾಗಿ ಮಾಡಿ. ನಟನ ಕಸುಬು ಚೆನ್ನಾಗಿದ್ದಷ್ಟೂ ಪಾತ್ರದ ಕೇಡು ಆಕರ್ಷಕವಾಗುತ್ತದೆ ಎಂಬ ತೊಡಕನ್ನು ಅಭಿಮಾನಿಗಳ ಬಾಯಿಂದಲೇ ಹೊರಡಿಸುವುದು ಅವರ ಕೆಲಸ.

ಗುಂಪಿನಲ್ಲಿ ಗಾಯವನ್ನು ಹತ್ತಿರದಿಂದ ಕಂಡವರೊಬ್ಬರು ಇರಲೇಬೇಕು. ನಮ್ಮಲ್ಲಿ ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಶುಶ್ರೂಷಕಿಯಾಗಿದ್ದು ನಿವೃತ್ತರಾದ ಅಕ್ಕ ಒಬ್ಬರಿದ್ದಾರೆ. ಒಂದು ಸಂಜೆ ಎಲ್ಲರೂ ನಿಯಾನ್ ಬೆಳಕಿನ ಸೊಬಗನ್ನು ಚರ್ಚಿಸುತ್ತಿದ್ದಾಗ ಅವರು, ‘ತಲೆಗೆ ಅಷ್ಟು ಪೆಟ್ಟು ತಿಂದವನು ಎದ್ದು ಡೈಲಾಗ್ ಹೇಳುವುದಿಲ್ಲಪ್ಪ, ವಾಂತಿ ಮಾಡಿಕೊಳ್ಳುತ್ತಾನೆ’ ಎಂದರು. ಆ ಬಳಿಕ ನಾವು ಪ್ರತಿ ಚಿತ್ರಕ್ಕೂ ಇನ್ನೊಂದು ಪ್ರಶ್ನೆ ಸೇರಿಸಿದ್ದೇವೆ: ಪೆಟ್ಟಿನ ನಂತರದ ನೋವನ್ನು ಚಿತ್ರ ಎಷ್ಟು ಹೊತ್ತು ನೋಡುತ್ತದೆ? ಗಡಿಯಾರ ಹಿಡಿದು ಪೆಟ್ಟಿನ ಸೆಕೆಂಡುಗಳನ್ನೂ ನೋವಿನ ಸೆಕೆಂಡುಗಳನ್ನೂ ಬೇರೆಬೇರೆ ಬರೆದುಕೊಂಡರೆ, ಎರಡು ಪಂಗಡದವರಿಗೂ ಬಗ್ಗಿ ನೋಡಲು ಒಂದೇ ಕಾಗದ ಸಿಗುತ್ತದೆ.

ಮಾತು ಶುರುವಾಗಿ ಒಂದೂವರೆ ಗಂಟೆಯಾದ ಮೇಲೆ ಭಾಗವತರು ಮಂಗಳ ಹಾಡಬೇಕು, ಗೆಲುವು ಸೋಲು ಘೋಷಿಸಕೂಡದು. ಮೊದಲು ಬರೆದ ಚೀಟಿಗಳನ್ನು ಅದಲುಬದಲು ಮಾಡಿ, ಪ್ರತಿಯೊಬ್ಬರೂ ಎದುರು ಪಂಗಡದವರ ಚೀಟಿಯನ್ನು ಗಟ್ಟಿಯಾಗಿ ಓದಲಿ. ಲೋಟಗಳನ್ನು ಒಳಗೆ ಒಯ್ಯುವ ಮೊದಲೇ ಮುಂದಿನ ತಿಂಗಳ ಚಿತ್ರವನ್ನು, ಅದರ ಪ್ರಮಾಣಪತ್ರದ ಸಮೇತ, ಗೋಡೆಯ ಕ್ಯಾಲೆಂಡರಿನಲ್ಲಿ ಬರೆದುಬಿಡಿ.