ಸುಟ್ಟ ಗಾಯದ ಮೇಲಿನ ಪದರ: ಯಾವುದನ್ನು ಬಿಡುತ್ತೇನೆ, ಯಾವುದನ್ನು ತೆಗೆಯುತ್ತೇನೆ

ಸುಟ್ಟ ಗಾಯಗಳ ವಾರ್ಡಿನಲ್ಲಿ ನಾನು ಸರ್ಜನ್. ರೋಗಿಯ ಮನೆಯವರು ತುಂಬ ಸಲ ಕೇಳುವುದು ಇದನ್ನೇ: "ಹಕ್ಕಳೆ ಕಟ್ಟಿದೆಯಲ್ಲ ಡಾಕ್ಟ್ರೇ, ಮತ್ಯಾಕೆ ತೆಗೀತೀರಿ?" ಕೇಳಲೇಬೇಕಾದ ಪ್ರಶ್ನೆ.

ಮೇಲ್ಮೇಲೆ ಸುಟ್ಟಾಗ ಒಸರಿದ ನೀರು, ರಕ್ತ ಒಣಗಿ ಹಕ್ಕಳೆ ಆಗುತ್ತದೆ. ಅಡಿಯಲ್ಲಿ ಹೊಸ ಚರ್ಮ ಬಂದ ಹಾಗೆ ತಾನೇ ಬಿಡುತ್ತದೆ. ಕೀವಿಲ್ಲದಿದ್ದರೆ ನಾನು ಅದರ ತಂಟೆಗೆ ಹೋಗುವುದಿಲ್ಲ.

ಎಸ್ಕಾರ್ ಬೇರೆಯೇ. ಅದು ಗಾಯದ ಮೇಲೆ ಕಟ್ಟಿಕೊಂಡದ್ದಲ್ಲ, ಸತ್ತ ಚರ್ಮವೇ ಅದು. ಹದ ಮಾಡಿದ ತೊಗಲಿನ ಹಾಗೆ ಗಡುಸು, ಬಣ್ಣ ಕಪ್ಪು, ಕಂದು ಅಥವಾ ಬಿಳಿಚು. ಬೆರಳಿನಿಂದ ಒತ್ತಿ ಬಿಡುತ್ತೇನೆ, ಬಣ್ಣ ಬದಲಾಗುವುದಿಲ್ಲ. ಸೂಜಿ ಮೊನೆ ತಾಗಿಸಿದರೂ ನೋವಿಲ್ಲ ಅನ್ನುತ್ತಾರೆ, ಮನೆಯವರಿಗೆ ಅದರಿಂದ ಸಮಾಧಾನ, ನನಗೆ ಆತಂಕ ಶುರುವಾಗುವುದೇ ಅಲ್ಲಿ, ಯಾಕಂದ್ರೆ ನರದ ತುದಿಗಳೂ ಸುಟ್ಟುಹೋಗಿವೆ.

ಇನ್ನೊಂದು ಸ್ಯೂಡೋ ಎಸ್ಕಾರ್, ಅಂದರೆ ಎಸ್ಕಾರಿನ ಹಾಗೆ ಕಾಣುವ ಹುಸಿ ಪದರ. ಸುಟ್ಟ ಗಾಯಕ್ಕೆ ಹಚ್ಚುವ ಸಿಲ್ವರ್ ಸಲ್ಫಡಯಾಜಿನ್ ಕ್ರೀಮ್ ಗಾಯದ ಒಸರಿನ ಜೊತೆ ಸೇರಿ ಹಳದಿ ಪೊರೆ ಕಟ್ಟುತ್ತದೆ. ಹೊಸದಾಗಿ ಬಂದ ಡಾಕ್ಟರುಗಳಿಗೆ ಹೇಳುತ್ತಿರುತ್ತೇನೆ, ಅದನ್ನು ಒರೆಸಿ ನೋಡದೆ ಗಾಯದ ಆಳ ಬರೆಯಬೇಡಿ.

ತಡ ಮಾಡಲೇಬಾರದ್ದು ಎಸ್ಕಾರ್ ಕೈಕಾಲಿನ ಸುತ್ತಲೂ ಇದ್ದಾಗ. ಒಳಗೆ ಬಾವು ಏರುತ್ತದೆ, ಮೇಲಿನ ಪದರ ಹಿಗ್ಗುವುದಿಲ್ಲ, ಬೆರಳು ತಣ್ಣಗಾಗುತ್ತವೆ, ರಕ್ತ ಹರಿಯುವ ಸದ್ದು ಕೇಳಿಸುವ ಡಾಪ್ಲರ್ ಯಂತ್ರದಲ್ಲಿ ನಾಡಿಯ ಸದ್ದು ಕ್ಷೀಣಿಸುತ್ತದೆ. ಎದೆಯ ಸುತ್ತ ಇದ್ದರೆ ಉಸಿರಾಟಕ್ಕೇ ಕುತ್ತು. ಆಗ ಮಾಡುವುದು ಎಸ್ಕಾರಾಟಮಿ. ಕೈಯ ಎರಡೂ ಪಕ್ಕ ಉದ್ದಕ್ಕೆ, ಕೊಬ್ಬು ಕಾಣುವವರೆಗೆ ಸೀಳುತ್ತೇನೆ, ಮೊಣಕೈ ಒಳಪಕ್ಕದಲ್ಲಿ ಕಿರುಬೆರಳಿನ ಕಡೆ ಹೋಗುವ ಅಲ್ನಾರ್ ನರ ಚರ್ಮಕ್ಕೆ ಹತ್ತಿರವೇ ಇರುವುದರಿಂದ ಮೂಳೆಯ ಉಬ್ಬಿನ ಮುಂದಿನಿಂದ ಸಾಗುತ್ತೇನೆ. ಸೀಳಿನ ಅಂಚುಗಳು ತಾವೇ ಅಗಲವಾಗುತ್ತವೆ. ಮತ್ತೆ ಡಾಪ್ಲರ್ ಇಟ್ಟು ಕೇಳುತ್ತೇನೆ. ಸದ್ದು ವಾಪಸ್ ಬಂದಾಗ ಆಗುವ ಖುಷಿ ಇವತ್ತಿಗೂ ಕಡಿಮೆಯಾಗಿಲ್ಲ.

ಇದು ಬಿಗಿ ಬಿಡಿಸುವುದಷ್ಟೇ, ಸತ್ತ ಚರ್ಮ ಇನ್ನೂ ಅಲ್ಲೇ ಇರುತ್ತದೆ. ಸುಮ್ನೆ ಬಿಟ್ಟರೆ ಅಡಿಯಲ್ಲಿ ಬ್ಯಾಕ್ಟೀರಿಯಾ ಬೆಳೆದು, ವಾರಗಟ್ಟಲೆ ಕೊಳೆತು ಕಳಚಿಕೊಳ್ಳುತ್ತದೆ, ಅಷ್ಟರಲ್ಲಿ ಸೋಂಕು ರಕ್ತಕ್ಕೂ ಸೇರಬಹುದು. ಹಿಂದೆ ಹಾಗೇ ಕಾಯುತ್ತಿದ್ದರು. ಸ್ಲೊವೇನಿಯಾದ ಮಾರಿಬೋರ್‌ನ ಸರ್ಜನ್ ಜೋರಾ ಯಾನ್ಜೆಕೋವಿಚ್ 1970ರಲ್ಲಿ ಪ್ರಕಟಿಸಿದ ವಿಧಾನ ಆ ಕಾಯುವಿಕೆಯನ್ನು ತಪ್ಪಿಸಿತು. ರೋಗಿಯ ಸ್ಥಿತಿ ತಡೆಯುವಂತಿದ್ದರೆ ನಾನೂ ಮೊದಲ ವಾರದಲ್ಲೇ ಮಾಡುತ್ತೇನೆ: ಎಸ್ಕಾರನ್ನು ತೆಳುವಾಗಿ, ಪದರ ಪದರವಾಗಿ ಹೆರೆಯುತ್ತಾ ಹೋಗುವುದು, ಚುಕ್ಕಿ ಚುಕ್ಕಿಯಾಗಿ ರಕ್ತ ಕಂಡ ಕಡೆ ಕೈ ನಿಲ್ಲಿಸುವುದು. ಅಲ್ಲಿಂದ ಕೆಳಗೆ ಜೀವ ಇದೆ. ರಕ್ತ ಜಾಸ್ತಿ ಹೋಗುತ್ತದೆ, ಅದಕ್ಕೇ ರಕ್ತನಾಳ ಕುಗ್ಗಿಸುವ ಅಡ್ರಿನಲಿನ್‌ನಲ್ಲಿ ಅದ್ದಿದ ಬಟ್ಟೆ ಒತ್ತಿ ಹಿಡಿಯುತ್ತೇವೆ. ರಕ್ತ ನಿಂತ ಮೇಲೆ ತೊಡೆಯಿಂದ ತೆಗೆದ ತೆಳು ಚರ್ಮವನ್ನು ಅಲ್ಲಿ ಕಸಿ ಮಾಡಿ, ಅಲುಗಾಡದಂತೆ ಪಟ್ಟಿ ಕಟ್ಟುತ್ತೇವೆ.