ಬಾಣಂತನದ ಸಾಮಾನು ಚಿಲಿ ಮುಟ್ಟಿತು: ನನ್ನ ಅನುಭವ

2024ರಲ್ಲಿ ಚಿಲಿಯಲ್ಲಿರುವ ಮಗಳ ಎರಡನೇ ಬಾಣಂತನಕ್ಕೆ 11 ಕಿಲೋ ತಿನ್ನುವ ಸಾಮಾನು ಒಯ್ದೆ. ಸಾಂಟಿಯಾಗೊ ವಿಮಾನ ನಿಲ್ದಾಣದಲ್ಲಿ ಒಂದು ಪೊಟ್ಟಣವನ್ನೂ ತೆಗೆದಿಡಲಿಲ್ಲ. "ಚಿಲಿಗೆ ಬಾಣಂತನದ ಸಾಮಾನು ಒಯ್ಯೋಕೆ ಆಗಲ್ಲ ಬಿಡಿ" ಎಂದಿದ್ದ ಬೀಗರಿಗೆ ಅಲ್ಲಿಂದಲೇ ಫೋಟೋ ಕಳಿಸಿದೆ. ತಿನ್ನುವ ಸಾಮಾನು, ಬೀಜ ಏನಾದರೂ ತಂದಿದ್ದೀರಾ ಎಂದು ಅಲ್ಲಿ ಕೇಳುವ ಫಾರ್ಮಿನ ಬಗ್ಗೆ ಭಾವನವರದು ಬೇರೆ ಸಲಹೆ ಇತ್ತು: "ಫಾರ್ಮಿನಲ್ಲಿ ಎಲ್ಲದಕ್ಕೂ ಇಲ್ಲ ಅಂತ ಗುರುತು ಹಾಕಿ, ಸುಮ್ನೆ ನಡೆದುಬಿಡಿ." ನಾನು ಅದರ ಉಲ್ಟಾ ಮಾಡಿದೆ.

ಅದಕ್ಕೆ ಕಾರಣ 2018ರ ಒಂದು ಸೇಬು. ವಿಮಾನದಲ್ಲಿ ಊಟದ ಜೊತೆ ಕೊಟ್ಟಿದ್ದನ್ನು ಕೈಚೀಲಕ್ಕೆ ಹಾಕಿ ಮರೆತಿದ್ದೆ. ಫಾರ್ಮಿನಲ್ಲಿ 'ನೋ' ಎಂದು ಬರೆದಿದ್ದೆ. ತಪಾಸಣೆಯ ನಾಯಿ ಮೂಸಿಕೊಂಡು ಬಂದು ಚೀಲದ ಪಕ್ಕ ಕೂತಿತು. ದಂಡ ಸುಮಾರು 200 ಡಾಲರ್, ಆಗಿನ ಲೆಕ್ಕದಲ್ಲಿ 14 ಸಾವಿರ ರೂಪಾಯಿ ಆಸುಪಾಸು. ಹೇಳಿಕೊಂಡಿದ್ದರೆ ಸೇಬು ಮಾತ್ರ ಹೋಗುತ್ತಿತ್ತು, ದುಡ್ಡು ಹೋಗುತ್ತಿರಲಿಲ್ಲ.

2022ರಲ್ಲಿ ಮಗಳ ಮೊದಲ ಹೆರಿಗೆ. ಆಗ 'ಸೀ', ಅಂದರೆ ಹೌದು, ಎಂದೇ ಬರೆದೆ. ಆದರೂ ಅರ್ಧ ಸಾಮಾನು ಹೋಯಿತು. ಮೆಂತ್ಯ, ಸಬ್ಬಸಿಗೆ ಬೀಜ, ರಾಗಿ, ಹೆಸರುಕಾಳು, ಕೊಡಗಿನ ಜೇನುತುಪ್ಪ, ಮನೆಯಲ್ಲಿ ಕಾಸಿದ ತುಪ್ಪ, ಒಣಗಿಸಿದ ಬೇವಿನ ಸೊಪ್ಪು. ದಂಡವೇನೂ ಬೀಳಲಿಲ್ಲ. ಆರೇಳು ಸಾವಿರದ ಸಾಮಾನು ಅಷ್ಟೇ. ಆದರೆ ಬಾಣಂತಿಗೆ ಕೊಡಬೇಕಾದ್ದನ್ನು ಕಣ್ಣೆದುರೇ ಡಬ್ಬಕ್ಕೆ ಹಾಕಿದಾಗ ಹೊಟ್ಟೆ ಉರಿಯಿತು.

ಆದರೆ ಪಾಠ ಸಿಕ್ಕಿದ್ದೂ ಅಲ್ಲೇ. ಅಧಿಕಾರಿಗೆ ಇಂಗ್ಲಿಷ್ ಅಷ್ಟಾಗಿ ಬರುತ್ತಿರಲಿಲ್ಲ. ನಾಲ್ಕು ಮೆಂತ್ಯ ಕಾಳು ಅಂಗೈಯಲ್ಲಿ ಇಟ್ಟುಕೊಂಡು, ಇನ್ನೊಂದು ಕೈಯ ಬೆರಳನ್ನು ನಿಧಾನಕ್ಕೆ ಮೇಲೆತ್ತಿ ತೋರಿಸಿದರು. ಮೊಳಕೆ! ಪಕ್ಕದಲ್ಲಿದ್ದ ತೊಗರಿಬೇಳೆಯನ್ನು ಮುಟ್ಟಲೂ ಇಲ್ಲ. ಕಾಳು ಮೊಳೆಯುತ್ತದೆ, ಬೇಳೆ ಮೊಳೆಯಲ್ಲ. ನಮಗೆ ಇದು ಅಡುಗೆಮನೆಯಲ್ಲೇ ಗೊತ್ತಿರುವ ವಿಷಯ, ಅಲ್ವಾ? ಕಾಳು, ಬೀಜದ ವಿಷಯದಲ್ಲಿ ಕೃಷಿ ತಪಾಸಣೆ ಮಾಡುವ 'ಸಾಗ್' ಇಲಾಖೆಯವರು ನೋಡುವುದೂ ಅದನ್ನೇ. ಆಂಡಿಸ್ ಬೆಟ್ಟ, ಅಟಕಾಮ ಮರುಭೂಮಿ, ಇನ್ನೊಂದು ಕಡೆ ಕಡಲು ಇರುವುದರಿಂದ ಬೇರೆ ಕಡೆಯ ಎಷ್ಟೋ ಕೀಟ, ರೋಗ ಅಲ್ಲಿಗೆ ಬಂದಿಲ್ಲ. ದ್ರಾಕ್ಷಿ, ಚೆರ್ರಿ ಮಾರಿ ಬದುಕುವ ಹಳ್ಳಿಗಳು ಎಷ್ಟೋ ಇವೆ. ಇದು ತಿಳಿದ ಮೇಲೆ ನನಗೆ ಅವರ ಮೇಲೆ ಸಿಟ್ಟು ಉಳಿಯಲಿಲ್ಲ.

2024ರ ಎರಡನೇ ಬಾಣಂತನಕ್ಕೆ ಎರಡು ತಿಂಗಳು ಮೊದಲೇ ಶುರು ಮಾಡಿದೆ. ಮೆಂತ್ಯ, ಓಂಕಾಳು, ಸಬ್ಬಸಿಗೆ ಬೀಜ, ಕೊತ್ತಂಬರಿ ಬೀಜ ಎಲ್ಲವನ್ನೂ ಚೆನ್ನಾಗಿ ಹುರಿದು ಪುಡಿ ಮಾಡಿಸಿದೆ. ರಾಗಿ ಹುರಿಹಿಟ್ಟಾಯಿತು. ಕಾಳಿನ ಬದಲು ಹೆಸರುಬೇಳೆ. ಮಗುವಿನ ರಾಗಿ ಸರಿಗೆ ಮೊಳಕೆ ಕಟ್ಟಿ, ಒಣಗಿಸಿ, ಹುರಿದು, ಬೀಸಿ, ಜಾಲಿಸಿದ ಹಿಟ್ಟು.

ಅಂಟಿನುಂಡೆಯಲ್ಲಿ ಮಾತ್ರ ಸೋತೆ. ಮೂರೂವರೆ ಸಾವಿರ ಕೊಟ್ಟು ಗಾಳಿ ತೆಗೆದು ಮುಚ್ಚುವ ಮೆಷಿನ್ ತಂದಿದ್ದೆ. ಉಂಡೆಗಳನ್ನು ಅದಕ್ಕೆ ಹಾಕಿದರೆ ಪುಡಿಪುಡಿಯಾದವು. ಡಬ್ಬಿಯಲ್ಲಿ ಇಟ್ಟು ನೋಡಿದರೆ ತುಪ್ಪ ಜಿನುಗಿತು. ಕೊನೆಗೆ ಉಂಡೆ ಕಟ್ಟುವುದನ್ನೇ ಅಲ್ಲಿಗೆ ಮುಂದೂಡಿದೆ. ಹುರಿದ ಅಂಟಿನ ಪುಡಿ, ಹುರಿದ ಕೊಬ್ಬರಿ ತುರಿ ಇಲ್ಲಿಂದ. ಉಳಿದಿದ್ದೆಲ್ಲ ಅಲ್ಲಿಯದೇ. ಚಿಲಿಯ ದಕ್ಷಿಣದಲ್ಲಿ, ಒಸೊರ್ನೊ ಕಡೆ, ಹಾಲು ಜಾಸ್ತಿ. ಬೆಣ್ಣೆ ತಂದು ಕಾಸಿದೆ, ತುಪ್ಪ ಘಮ್ಮೆಂದಿತು. ಬೆಲ್ಲಕ್ಕೆ 'ಚಂಕಾಕಾ' ಸಿಗುತ್ತದೆ. ಬಣ್ಣ ಕಪ್ಪು, ರುಚಿ ನಮ್ಮ ಹಳೇ ಬೆಲ್ಲದ್ದು. ಪಾಕ ಸ್ವಲ್ಪ ಬೇಗ ಗಟ್ಟಿಯಾಗುತ್ತದೆ, ಒಲೆಯಿಂದ ಮೊದಲೇ ಇಳಿಸಿ. ಅಕ್ರೋಟು, ಒಣದ್ರಾಕ್ಷಿ ಒಯ್ಯಬೇಡಿ. ಚಿಲಿಯ ಅಕ್ರೋಟನ್ನೇ ನಾವು ಇಲ್ಲಿ ದುಬಾರಿ ಕೊಟ್ಟು ಕೊಳ್ಳುತ್ತೇವೆ.

ತಿನ್ನುವ ಸಾಮಾನೆಲ್ಲ ಒಂದೇ ಬ್ಯಾಗಿನಲ್ಲಿ ಇಟ್ಟೆ. ಬಟ್ಟೆಯ ನಡುವೆ ಒಂದು ಪೊಟ್ಟಣವೂ ಇಲ್ಲ. ಪಾರದರ್ಶಕ ಪ್ಯಾಕೆಟ್. ಪ್ರತಿಯೊಂದರ ಮೇಲೂ ಸ್ಪ್ಯಾನಿಷ್ ಚೀಟಿ: ಪುಡಿಗೆ 'ಮೊಲಿದೊ', ಹುರಿದದ್ದಕ್ಕೆ 'ತೊಸ್ತಾದೊ'. ಮಗಳು ಫೋನಿನಲ್ಲಿ ಹೇಳಿದಳು, ನಾನು ಬರೆದುಕೊಂಡೆ. ಆ ಫಾರ್ಮನ್ನು ಹೊರಡುವ ಮೊದಲೇ ಫೋನಿನಲ್ಲಿ ತುಂಬಿದೆ. ಕೌಂಟರಿನಲ್ಲಿ ಕೇಳುವ ಮೊದಲೇ ಬ್ಯಾಗು ತೆರೆದು ಇಟ್ಟೆ. ಅಧಿಕಾರಿ ಮೂರು ಪ್ಯಾಕೆಟ್ ಎತ್ತಿ ನೋಡಿದರು, ಬಾಣಂತಿ ಖಾರ ಮೂಸಿ ನೋಡಿದರು, ಹೋಗಿ ಎಂದರು. ಹತ್ತು ನಿಮಿಷವೂ ಹಿಡಿಯಲಿಲ್ಲ. ಪೊಟ್ಟಣಗಳನ್ನು ಬ್ಯಾಗಿನಲ್ಲಿ ಯಾವ ಕ್ರಮದಲ್ಲಿ ಜೋಡಿಸಿದೆ, ಮಾವಿನಮಿಡಿ ಹೇಗೆ ದಾಟಿಸಿದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ತಂಗಿ ಮಗಳು ಮುಂದಿನ ವರ್ಷ ಹೊರಟಿದ್ದಾಳೆ, ಅವಳಿಗೆ ಮೊದಲು ಹೇಳಿಕೊಡಬೇಕು.

ಪಕ್ಕದ ಅರ್ಜೆಂಟೀನಾದ ಮೆಂದೋಸಾಗೆ ಹೋಗಿ ಬಸ್ಸಿನಲ್ಲಿ ವಾಪಸ್ ಬಂದಾಗಲೂ ಇದೇ ಕ್ರಮ. ಗಡಿಯಲ್ಲಿರುವ ಲೊಸ್ ಲಿಬೆರ್ತದೋರೆಸ್ ಕಣಿವೆಯಲ್ಲಿ ಎಲ್ಲರನ್ನೂ ಇಳಿಸಿ ಚೀಲ ನೋಡುತ್ತಾರೆ. ಚಳಿ ಜೋರು, ಶಾಲು ಕೈಯಲ್ಲೇ ಇರಲಿ. ಕೊರಳಿನ ರುದ್ರಾಕ್ಷಿಯನ್ನೂ ಬೀಜ ಎಂದು ಬರೆದಿದ್ದೆ. ಮುಟ್ಟಿ ನೋಡಿ ಬಿಟ್ಟರು. ಇನ್ನೊಂದು ದಿನ ಇನ್ನೊಬ್ಬರು ಬಿಡದೇ ಇರಬಹುದು, ಕೊನೆಯ ಮಾತು ಅವರದೇ.

ಈ ಸಲ ಡಿಸೆಂಬರಿನಲ್ಲಿ ಹೋಗುವುದಿದೆ. ಮಗಳಿಗೆ ಅವರೆಕಾಳಿನ ಆಸೆ. ಹಸಿ ಕಾಳು ಅಂತೂ ಆಗಲ್ಲ. ಹಿತಕಿ, ಎಣ್ಣೆಯಲ್ಲಿ ಗರಿಗರಿ ಕರಿದು, ಉಪ್ಪುಖಾರ ಹಾಕಿ ಕಾಲು ಕಿಲೋ ಮಾತ್ರ ಒಯ್ದು ನೋಡುತ್ತೇನೆ. ಚೀಟಿಯ ಮೇಲೆ ಏನು ಬರೆಯಬೇಕೆಂದು ಅವಳನ್ನು ಕೇಳಿದ್ದೇನೆ.